ಕೇಳುವವರು ಕೂರುವ ಜಾಗ: ಜಿಲ್ಲಾ ಪಂಚಾಯಿತಿ ಕುರಿತು ಒಂದು ಮಾತು

(2025ರ ಮಧ್ಯಭಾಗದಲ್ಲಿ ಒಂದು ಪದವಿ ಕಾಲೇಜಿನಲ್ಲಿ, ವಿದ್ಯಾರ್ಥಿಗಳು ಮತ್ತು ಸುತ್ತಲಿನ ಗ್ರಾಮ ಪಂಚಾಯಿತಿ ಸದಸ್ಯರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಎಂಎಲ್‌ಎ ಯಾರು ಅಂದರೆ ಎಲ್ಲರೂ ಹೇಳುತ್ತೀರಿ. ಗ್ರಾಮ ಪಂಚಾಯಿತಿ ಸದಸ್ಯರ ಹೆಸರೂ ಗೊತ್ತು, ದಿನಾ ಬೆಳಿಗ್ಗೆ ಹಾಲಿನ ಡೈರಿ ಹತ್ತಿರ ಸಿಗುತ್ತಾರೆ. ನಿಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು? ಗೊತ್ತಿದ್ದವರು ಕೈ ಎತ್ತಿ.

ಮೂರು ಕೈ. ಸರಿ, ಆ ಮೂವರು ಮನಸ್ಸಿನಲ್ಲಿ ಅಂದುಕೊಂಡಿರುವ ಹೆಸರೂ ಹಳೆಯವರದೇ. ಈಗ ಯಾರೂ ಇಲ್ಲ. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯಿತಿಗೆ ಕೊನೆಯ ಸಲ ಚುನಾವಣೆ ಆಗಿದ್ದು 2016ರ ಫೆಬ್ರವರಿಯಲ್ಲಿ. ಅವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ನಾಲ್ಕು ವರ್ಷ ಕಳೆದರೂ ಚುನಾವಣೆ ಇಲ್ಲ. ಇಲ್ಲಿ ಕೂತಿರುವ ಮೊದಲ ವರ್ಷದ ಹುಡುಗರು ಎಂಟನೇ ಕ್ಲಾಸೋ ಒಂಬತ್ತನೇ ಕ್ಲಾಸೋ ಓದುತ್ತಿದ್ದಾಗಿನಿಂದ ಆ ಕುರ್ಚಿಗಳು ಖಾಲಿ ಇವೆ. ಹೀಗಾಗಿ ನಿಮಗೆ ಹೆಸರು ಗೊತ್ತಿಲ್ಲದಿದ್ದರೆ ಅದು ನಿಮ್ಮ ತಪ್ಪಲ್ಲ.

ಜಿಲ್ಲಾ ಪಂಚಾಯಿತಿ ಅಂದರೆ ಏನು, ಅದು ಹಳ್ಳಿಗೆ ಏನು ಮಾಡುತ್ತದೆ ಅಂತ ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ನಾನು ಪುಸ್ತಕದಿಂದ ಶುರು ಮಾಡುವುದಿಲ್ಲ. ಹಲವು ವರ್ಷ ಜಿಲ್ಲಾ ವರದಿಗಾರನಾಗಿ ಕೆಲಸ ಮಾಡಿದವನು ನಾನು. ಜಿಲ್ಲಾ ಪಂಚಾಯಿತಿಯ ಸಾಮಾನ್ಯ ಸಭೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಂಡಿದ್ದೇನೆ. ಅಲ್ಲಿ ಕಂಡ ಒಂದು ಸಭೆಯಿಂದ ಶುರು ಮಾಡುತ್ತೇನೆ.

ಸಭಾಂಗಣ ನೋಡದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಎದುರಿಗೆ ವೇದಿಕೆ. ನಡುವೆ ಅಧ್ಯಕ್ಷರು. ಅವರ ಒಂದು ಪಕ್ಕ ಉಪಾಧ್ಯಕ್ಷರು, ಇನ್ನೊಂದು ಪಕ್ಕ ಮುಖ್ಯ ಕಾರ್ಯನಿರ್ವಹಣಾಧಿಕಾರಿ, ಅಂದರೆ ನಾವೆಲ್ಲ ಸಿಇಒ ಅನ್ನುವವರು. ಕೆಳಗೆ ಸದಸ್ಯರ ಸಾಲು, ಒಬ್ಬೊಬ್ಬರ ಮುಂದೆ ಒಂದು ಮೈಕು. ಅವರ ಹಿಂದಿನ ಸಾಲುಗಳಲ್ಲಿ ಇಲಾಖೆಗಳ ಅಧಿಕಾರಿಗಳು. ಶಾಲೆ ನೋಡಿಕೊಳ್ಳುವ ಡಿಡಿಪಿಐ, ಆಸ್ಪತ್ರೆ ನೋಡಿಕೊಳ್ಳುವ ಡಿಎಚ್‌ಒ, ಕೃಷಿ ಇಲಾಖೆಯ ಜೆಡಿ, ನೀರಿನ ಇಂಜಿನಿಯರು, ರಸ್ತೆಯ ಇಂಜಿನಿಯರು, ಸಮಾಜ ಕಲ್ಯಾಣ, ಪಶುಸಂಗೋಪನೆ, ಅರಣ್ಯ. ಎಲ್ಲರ ತೊಡೆಯ ಮೇಲೂ ಒಂದು ದಪ್ಪ ಫೈಲು. ಕೆಲವರ ಕೈಯಲ್ಲಿ ಫೋನು, ಮೇಜಿನ ಕೆಳಗೆ ಕಚೇರಿಗೆ ಮೆಸೇಜು ಹೋಗುತ್ತಿರುತ್ತದೆ: ಆ ಊರಿನ ಅಂಕಿಅಂಶ ಬೇಗ ಕಳಿಸು ಅಂತ.

ಆ ದಿನ ಒಬ್ಬ ಸದಸ್ಯೆ ಎದ್ದು ನಿಂತರು. ಮೊದಲ ಸಲ ಗೆದ್ದು ಬಂದವರು. ಮೊದಲ ಎರಡು ಸಭೆಗಳಲ್ಲಿ ಬಾಯಿ ಬಿಟ್ಟಿರಲಿಲ್ಲ. ಅವರ ಕ್ಷೇತ್ರದ ಒಂದು ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ನಿಂತುಹೋಗಿತ್ತು. ಆ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಘಟಕ ಕೆಟ್ಟರೆ ಜನ ಅದೇ ನೀರನ್ನು ಕುಡಿಯಬೇಕು.

ಇಂಜಿನಿಯರು ಎದ್ದು, "ದುರಸ್ತಿಗೆ ಕ್ರಮ ವಹಿಸಲಾಗಿದೆ" ಎಂದರು.

ಆ ಸದಸ್ಯೆ ಕೂರಲಿಲ್ಲ. "ಸಾರ್, ಹೋದ ಸಭೆಯ ನಡಾವಳಿಯಲ್ಲೂ ಇದೇ ಮಾತು ಬರೆದಿದೆ. ಅದರ ಹಿಂದಿನದರಲ್ಲೂ ಬರೆದಿದೆ" ಎಂದರು. ಆಮೇಲೆ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಮಕ್ಕಳು ಶಾಲೆಗೆ ತರುತ್ತಾರಲ್ಲ, ಆ ಥರದ್ದು. ಅದು ಆ ಊರಿನ ನೀರುಗಂಟಿಯದು. ಯಾವ ದಿನ ಘಟಕ ಕೆಟ್ಟಿತು, ಯಾವ ದಿನ ಯಾರಿಗೆ ಫೋನ್ ಮಾಡಿದ, ಅವರು ಏನು ಹೇಳಿದರು, ಎಲ್ಲವನ್ನೂ ಆತ ಬರೆದಿಟ್ಟಿದ್ದ. ಅಕ್ಷರ ಸೊಟ್ಟ, ದಿನಾಂಕ ಸರಿಯಾಗಿತ್ತು. ಅವರು ಒಂದೊಂದೇ ದಿನಾಂಕ ಓದುತ್ತಾ ಹೋದರು. ಇಡೀ ಸಭೆ ಸುಮ್ಮನಾಯಿತು. ಸಿಇಒ ಆ ನೋಟ್‌ಬುಕ್ ತರಿಸಿಕೊಂಡು ನೋಡಿದರು. ಇಂಜಿನಿಯರ ಕಡೆ ತಿರುಗಿ ಎಂಟು ದಿನ ಗಡುವು ಕೊಟ್ಟರು. ನಿರ್ವಹಣೆಯ ಗುತ್ತಿಗೆ ಹಿಡಿದ ಏಜೆನ್ಸಿಗೆ ನೋಟಿಸ್ ಕೊಡಿ ಎಂದರು.

ಮುಂದಿನ ಸಭೆಯ ಅನುಪಾಲನಾ ವರದಿಯಲ್ಲಿ "ದುರಸ್ತಿಪಡಿಸಲಾಗಿದೆ" ಎಂದಿತ್ತು. ಆ ಸದಸ್ಯೆ ಮತ್ತೆ ಎದ್ದರು. "ಹೌದು ಸಾರ್, ನೀರು ಬರ್ತಿದೆ. ಕಾಯಿನ್ ಹಾಕೋ ಬಾಕ್ಸ್ ಮಾತ್ರ ಐದು ರೂಪಾಯಿ ನುಂಗಿ ಸುಮ್ನೆ ಕೂರುತ್ತೆ. ಅದನ್ನೂ ಸ್ವಲ್ಪ ನೋಡಿ."

ಜಿಲ್ಲಾ ಪಂಚಾಯಿತಿ ಅಂದರೆ ನನಗೆ ನೆನಪಾಗುವುದು ಈ ದೃಶ್ಯ. ನೀರುಗಂಟಿ ಹತ್ತು ಸಲ ಫೋನ್ ಮಾಡಿದರೂ ಆಗದ ಕೆಲಸ, ಜನ ಆರಿಸಿ ಕಳಿಸಿದ ಒಬ್ಬರು ಎದ್ದು ನಿಂತು ಕೇಳಿದಾಗ ಆಯಿತು. ಅಧಿಕಾರಿ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರ ಮೇಜಿನ ಮೇಲೆ ನೂರಾರು ಊರಿನ ಕಾಗದ ಇರುತ್ತದೆ. ಯಾರು ಎದುರಿಗೆ ನಿಂತು ಕೇಳುತ್ತಾರೋ ಅವರ ಕಾಗದ ಮೇಲಕ್ಕೆ ಬರುತ್ತದೆ. ಕೇಳುವವರು ಇಲ್ಲದ ಊರಿನ ಕಾಗದ ಅಡಿಯಲ್ಲೇ ಉಳಿಯುತ್ತದೆ.

ಈಗ ಸ್ವಲ್ಪ ಪುಸ್ತಕದ ವಿಷಯ, ಬೇಗ ಮುಗಿಸುತ್ತೇನೆ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಹಳ್ಳಿ, ತಾಲ್ಲೂಕು, ಜಿಲ್ಲೆ ಅಂತ ಮೂರು ಹಂತ ಇರಬೇಕು ಎಂದಿತು. 20 ಲಕ್ಷ ಮೀರದ ಜನಸಂಖ್ಯೆಯ ಚಿಕ್ಕ ರಾಜ್ಯಗಳು ನಡುವಿನ ಹಂತ ಬಿಡಬಹುದು, ಜಿಲ್ಲೆಯ ಹಂತ ಬಿಡುವ ಹಾಗಿಲ್ಲ. ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳ ಪಟ್ಟಿ ಇದೆ. ಕೃಷಿ, ಸಣ್ಣ ನೀರಾವರಿ, ಕುಡಿಯುವ ನೀರು, ರಸ್ತೆ, ಶಾಲೆ, ಆಸ್ಪತ್ರೆ, ಮಹಿಳೆ ಮತ್ತು ಮಕ್ಕಳ ಕಲ್ಯಾಣ, ಹೀಗೆ. ಈ ಕೆಲಸಗಳನ್ನು ರಾಜ್ಯ ಸರ್ಕಾರ ಪಂಚಾಯಿತಿಗಳಿಗೆ ವಹಿಸಬಹುದು ಎಂದಿದೆ. "ವಹಿಸಬಹುದು" ಅನ್ನುವ ಪದವನ್ನು ಗಮನದಲ್ಲಿಡಿ. ವಹಿಸಲೇಬೇಕು ಎಂದಿಲ್ಲ. ಎಷ್ಟು ಕೊಡಬೇಕು ಅನ್ನುವುದು ರಾಜ್ಯದ ಮನಸ್ಸಿಗೆ ಬಿಟ್ಟದ್ದು. ದೇಶದಲ್ಲಿ ಒಂದೊಂದು ರಾಜ್ಯದ ಜಿಲ್ಲಾ ಪಂಚಾಯಿತಿ ಒಂದೊಂದು ಥರ ಇರುವುದಕ್ಕೆ ಕಾರಣ ಇದೇ.

ನಮ್ಮ ರಾಜ್ಯದಲ್ಲಿ ಸುಮಾರು 40,000 ಜನಕ್ಕೆ ಒಬ್ಬ ಸದಸ್ಯ ಅನ್ನುವುದು ಮೊದಲಿನ ಲೆಕ್ಕ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಜಿಲ್ಲಾ ಪಂಚಾಯಿತಿಗೆ ಇದೆ. ಗೆದ್ದು ಬಂದ ಸದಸ್ಯರ ಜೊತೆಗೆ ಜಿಲ್ಲೆಯ ಎಂಪಿ, ಎಂಎಲ್‌ಎ, ಎಂಎಲ್‌ಸಿಗಳು, ತಾಲ್ಲೂಕು ಪಂಚಾಯಿತಿ ಅಧ್ಯಕ್ಷರು ಕೂಡ ಸಭೆಯಲ್ಲಿ ಕೂರಬಹುದು. ಅಧ್ಯಕ್ಷರನ್ನು ಆರಿಸುವುದು ಮಾತ್ರ ಜನ ನೇರವಾಗಿ ಗೆಲ್ಲಿಸಿದ ಸದಸ್ಯರು. ಎರಡು ತಿಂಗಳಿಗೊಮ್ಮೆಯಾದರೂ ಸಾಮಾನ್ಯ ಸಭೆ ನಡೆಯಬೇಕು. ಇದಲ್ಲದೆ ಸ್ಥಾಯಿ ಸಮಿತಿಗಳಿವೆ: ಸಾಮಾನ್ಯ, ಹಣಕಾಸು ಮತ್ತು ಯೋಜನೆ, ಸಾಮಾಜಿಕ ನ್ಯಾಯ, ಶಿಕ್ಷಣ ಮತ್ತು ಆರೋಗ್ಯ, ಕೃಷಿ ಮತ್ತು ಕೈಗಾರಿಕೆ. ಪತ್ರಿಕೆಗಳಲ್ಲಿ ಸಾಮಾನ್ಯ ಸಭೆಯ ಜಗಳ ಮಾತ್ರ ಬರುತ್ತದೆ. ನಾನೂ ಅದನ್ನೇ ಬರೆದವನು. ನಿಜವಾದ ಕೆಲಸ ನಡೆಯುತ್ತಿದ್ದದ್ದು ಈ ಸಮಿತಿಗಳಲ್ಲಿ. ಐದಾರು ಜನ ಒಂದು ಮೇಜಿನ ಸುತ್ತ ಕೂತು, ಯಾವ ಶಾಲೆಯ ಕೋಣೆ ಮೊದಲು ರಿಪೇರಿ ಆಗಬೇಕು ಅಂತ ಪಟ್ಟಿ ಹಿಡಿದು ನೋಡುವ ಜಾಗ ಅದು.

ಇದೆಲ್ಲ ದಿಲ್ಲಿಯಿಂದ ಬಂದದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನಗೆ ಇಲ್ಲಿ ಸ್ವಲ್ಪ ಹೆಮ್ಮೆಯಿಂದ ಒಂದು ಕಥೆ ಹೇಳಬೇಕು. ಸಂವಿಧಾನ ತಿದ್ದುಪಡಿಗೆ ಎಷ್ಟೋ ವರ್ಷ ಮೊದಲೇ, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆಗಿದ್ದಾಗ, ಕರ್ನಾಟಕ 1983ರಲ್ಲಿ ತನ್ನದೇ ಕಾಯ್ದೆ ಮಾಡಿತು. ಅದರ ಹಿಂದೆ ನಿಂತವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿ. ಬರದ ವರ್ಷಗಳಲ್ಲಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದವರು, ಅದಕ್ಕೇ ಜನ ಪ್ರೀತಿಯಿಂದ ನೀರ್ ಸಾಬ್ ಅಂದರು. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಇವತ್ತು ಅವರದೇ ಹೆಸರು. ಇಲ್ಲಿ ಕೂತಿರುವ ಕೆಲವು ಸದಸ್ಯರು ಅಲ್ಲಿಗೆ ಹೋಗಿ ಬಂದಿರಬಹುದು.

ಆ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿ, 1987ರ ಜನವರಿಯಲ್ಲಿ ಚುನಾವಣೆ ಆಯಿತು. ಆಗ ಅದರ ಹೆಸರು ಜಿಲ್ಲಾ ಪರಿಷತ್ತು. ಅದರ ಗತ್ತು ಹೇಗಿತ್ತು ಕೇಳಿ. ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಕೆಲಸ ಮಾಡುವ ಐಎಎಸ್ ಅಧಿಕಾರಿಗೆ ಮುಖ್ಯ ಕಾರ್ಯದರ್ಶಿ ಎಂಬ ಹೆಸರು, ಅವರು ಜಿಲ್ಲಾಧಿಕಾರಿಗಿಂತ ಸೀನಿಯರ್. ಕಂದಾಯ, ಕಾನೂನು ಸುವ್ಯವಸ್ಥೆ ಡಿಸಿ ಹತ್ತಿರ. ಅಭಿವೃದ್ಧಿ ಕೆಲಸ ಪೂರ್ತಿ ಜಿಲ್ಲಾ ಪರಿಷತ್ತಿಗೆ. ಬ್ರಿಟಿಷರ ಕಾಲದಿಂದ ಜಿಲ್ಲೆ ಅಂದರೆ ಕಲೆಕ್ಟರು ಅನ್ನುವ ಅಭ್ಯಾಸ ನಮ್ಮದು. ಆ ಅಭ್ಯಾಸವನ್ನು ಒಂದೇ ಕಾಯ್ದೆಯಲ್ಲಿ ಮುರಿದರು. ಮಹಿಳೆಯರಿಗೆ ನೂರಕ್ಕೆ 25 ಸೀಟು ಮೀಸಲು ಅಂತ ಆಗಲೇ ಬರೆದಿದ್ದರು. ದೇಶ ನೂರಕ್ಕೆ 33 ಅನ್ನುವುದಕ್ಕೆ ಮೊದಲೇ ಇದು. ಇವತ್ತು ನಮ್ಮಲ್ಲಿ ಅದು 50.

ಆಗ ಏನಾಯಿತು? ಈ ವ್ಯವಸ್ಥೆಯ ಮೌಲ್ಯಮಾಪನಕ್ಕೆ ಕೆ.ಎಸ್. ಕೃಷ್ಣಸ್ವಾಮಿ ಅವರ ಸಮಿತಿ ನೇಮಕವಾಗಿ 1989ರಲ್ಲಿ ವರದಿ ಕೊಟ್ಟಿತು. ಆ ಕಾಲದ ಅನುಭವದಲ್ಲಿ ಎಲ್ಲರೂ ಎತ್ತಿ ಹೇಳುವ ಸಂಗತಿ ಒಂದಿದೆ: ಹಳ್ಳಿ ಶಾಲೆಗೆ ಮೇಷ್ಟ್ರು, ಹಳ್ಳಿ ಆಸ್ಪತ್ರೆಗೆ ಡಾಕ್ಟ್ರು ಮೊದಲಿಗಿಂತ ಸರಿಯಾಗಿ ಬರಲು ಶುರು ಮಾಡಿದರು. ಹೊಸ ಕಟ್ಟಡಕ್ಕಿಂತ, ಹೊಸ ರಸ್ತೆಗಿಂತ ನನಗೆ ಇದು ದೊಡ್ಡದು ಅನಿಸುತ್ತದೆ. ಇದಕ್ಕೆ ಒಂದು ರೂಪಾಯಿ ಜಾಸ್ತಿ ಖರ್ಚಾಗಿಲ್ಲ. ಬಂದಿದ್ದೀರಾ ಅಂತ ಕೇಳುವವರು ಹತ್ತಿರ ಬಂದರು, ಅಷ್ಟೇ.

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಅವರ ಕನಸಿನ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿಯಿತು. ಮತ್ತೆ ಜಿಲ್ಲೆಗೆ ಚುನಾವಣೆ ಆಗಲು 1995 ಬರಬೇಕಾಯಿತು. ನಡುವೆ ಆಡಳಿತಾಧಿಕಾರಿಗಳು. ಚುನಾವಣೆ ಮುಂದೂಡುವುದು ನಮ್ಮಲ್ಲಿ ನಿನ್ನೆ ಮೊನ್ನೆ ಶುರುವಾದದ್ದಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಇದನ್ನು ನಿಧಾನವಾಗಿ ಹೇಳಬೇಕು, ಯಾಕೆಂದರೆ ಜಿಲ್ಲಾ ಪಂಚಾಯಿತಿ ಬಗ್ಗೆ ಜನರಿಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ಇಲ್ಲೇ ಇದೆ. ಪೇಪರಿನಲ್ಲಿ ಓದುತ್ತೇವೆ: ಜಿಲ್ಲಾ ಪಂಚಾಯಿತಿಗೆ ಇಷ್ಟು ನೂರು ಕೋಟಿ ಅನುದಾನ. ಓದಿದವರು, ಅಯ್ಯೋ ಇಷ್ಟು ದುಡ್ಡು ಏನು ಮಾಡ್ತಾರೆ ಅಂತ ಕೇಳುತ್ತಾರೆ.

ಗ್ರಾಮ ಪಂಚಾಯಿತಿಗೆ ಮನೆ ಕಂದಾಯ, ನೀರಿನ ಶುಲ್ಕ ಅಂತ ಸ್ವಂತ ಆದಾಯ ಇದೆ. ಜಿಲ್ಲಾ ಪಂಚಾಯಿತಿಗೆ ತೆರಿಗೆ ಹಾಕುವ ಅಧಿಕಾರ ಇಲ್ಲ. ಬರುವುದೆಲ್ಲ ಮೇಲಿನಿಂದ. ರಾಜ್ಯ ಬಜೆಟ್ ಜೊತೆಗೆ ಲಿಂಕ್ ಡಾಕ್ಯುಮೆಂಟ್ ಅಂತ ಒಂದು ಪುಸ್ತಕ ಬರುತ್ತದೆ. ಯಾವ ಜಿಲ್ಲೆಗೆ, ಯಾವ ಇಲಾಖೆಯ ಯಾವ ಯೋಜನೆಗೆ, ಎಷ್ಟು ಅಂತ ಅದರಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ. ನಾನು ಮೊದಲ ಸಲ ಅದನ್ನು ನೋಡಿದಾಗ ಒಬ್ಬ ಲೆಕ್ಕಾಧಿಕಾರಿ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. ಪೆನ್ಸಿಲ್ ತೆಗೆದುಕೊಂಡು ಪ್ರೈಮರಿ ಶಾಲೆ ಶಿಕ್ಷಕರ ಸಂಬಳದ ಸಾಲಿಗೆ ಗೆರೆ ಎಳೆದರು. ಆಮೇಲೆ ಆರೋಗ್ಯ ಸಿಬ್ಬಂದಿಯ ಸಂಬಳ, ಅಂಗನವಾಡಿ, ಹಾಸ್ಟೆಲ್ ಊಟ. ಗೆರೆ ಎಳೆಯುತ್ತಾ ಹೋದ ಮೇಲೆ ಪುಟದಲ್ಲಿ ಉಳಿದದ್ದು ಬೆರಳೆಣಿಕೆಯ ಸಾಲು. "ಸದಸ್ಯರು ಚರ್ಚೆ ಮಾಡೋದು ಈ ಉಳಿದಿದ್ದರ ಮೇಲೆ ಮಾತ್ರ ನೋಡಿ" ಎಂದರು. ನೂರಾರು ಕೋಟಿ ಜಿಲ್ಲಾ ಪಂಚಾಯಿತಿಯ ಹೆಸರಿನಲ್ಲಿ ಹಾದುಹೋಗುತ್ತದೆ ಅಷ್ಟೆ, ಅದನ್ನು ಹೀಗೆ ಖರ್ಚು ಮಾಡೋಣ ಅಂತ ತೀರ್ಮಾನ ಮಾಡುವ ಸ್ವಾತಂತ್ರ್ಯ ಇರುವುದು ಸಣ್ಣ ಭಾಗಕ್ಕೆ.

ಕೇಂದ್ರ ಹಣಕಾಸು ಆಯೋಗದ ಅನುದಾನವೂ ಇದೆ. 14ನೇ ಆಯೋಗ ಗ್ರಾಮೀಣ ಭಾಗದ ಅನುದಾನವನ್ನು ಪೂರ್ತಿ ಗ್ರಾಮ ಪಂಚಾಯಿತಿಗಳಿಗೇ ಕೊಟ್ಟಿತು. ತಾಲ್ಲೂಕು, ಜಿಲ್ಲೆಗಳಿಗೆ ಏನೂ ಇರಲಿಲ್ಲ. 15ನೇ ಆಯೋಗ ಮತ್ತೆ ಮೂರೂ ಹಂತಕ್ಕೆ ಹಂಚಿತು. 2021ರಿಂದ 2026ರವರೆಗೆ ಇಡೀ ದೇಶದ ಗ್ರಾಮೀಣ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ. ಅದರಲ್ಲಿ ಜಿಲ್ಲೆಯ ಹಂತಕ್ಕೆ ನೂರಕ್ಕೆ 5ರಿಂದ 15ರವರೆಗೆ, ಎಷ್ಟು ಅಂತ ರಾಜ್ಯ ತೀರ್ಮಾನಿಸಬೇಕು. ಅನುದಾನದ ಶೇಕಡಾ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕು. ಉಳಿದ 40 ಊರಿನ ಅಗತ್ಯಕ್ಕೆ ತಕ್ಕಂತೆ. ಇದಕ್ಕೆ ಒಂದು ಷರತ್ತು ಇದೆ, ಅದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ: ಈ ದುಡ್ಡು ಚುನಾಯಿತ ಸಂಸ್ಥೆಗಳಿಗೆ. ಚುನಾವಣೆ ನಡೆಸದೆ ಕುರ್ಚಿ ಖಾಲಿ ಇಟ್ಟರೆ ಆ ಹಂತದ ಪಾಲು ಬರುವುದಿಲ್ಲ. ಚುನಾವಣೆ ಮುಂದೂಡಿದ್ದರ ಬೆಲೆಯನ್ನು ನಾವು ಹೀಗೂ ತೆರುತ್ತಿದ್ದೇವೆ.

ಇಷ್ಟು ಕಡಿಮೆ ಸ್ವಾತಂತ್ರ್ಯ ಇದ್ದರೆ ಸದಸ್ಯರು ಇದ್ದೇನು, ಬಿಟ್ಟೇನು ಅಂತ ಕೇಳಬಹುದು. ಸುಮಾರು ಜನ ಕೇಳಿದ್ದಾರೆ. ನನ್ನ ಉತ್ತರ ಆ ನೋಟ್‌ಬುಕ್ಕಿನಲ್ಲಿದೆ. ಸಂಬಳದ ಸಾಲು ಇದೆಯಲ್ಲ, ಲೆಕ್ಕಾಧಿಕಾರಿ ಗೆರೆ ಎಳೆದದ್ದು, ಆ ದುಡ್ಡನ್ನು ಸದಸ್ಯರು ಬದಲಾಯಿಸಲಾರರು. ಆದರೆ ಆ ಸಂಬಳ ತೆಗೆದುಕೊಳ್ಳುವ ಮೇಷ್ಟ್ರು ಶಾಲೆಗೆ ಬಂದರಾ, ನರ್ಸಮ್ಮ ಸಬ್ ಸೆಂಟರಿನ ಬೀಗ ತೆಗೆದರಾ, ಹಾಸ್ಟೆಲ್ಲಿನ ಬೇಳೆ ಸಾರಿನಲ್ಲಿ ಬೇಳೆ ಇದೆಯಾ ಅಂತ ಕೇಳಬಲ್ಲರು. ಪ್ರತಿ ತಿಂಗಳು ಕೆಡಿಪಿ ಸಭೆ ಅಂತ ನಡೆಯುತ್ತಿತ್ತು. ಅಧ್ಯಕ್ಷರು ಒಂದೊಂದು ಇಲಾಖೆಯನ್ನೂ ಕರೆದು ಎಷ್ಟು ಗುರಿ, ಎಷ್ಟು ಸಾಧನೆ ಅಂತ ಕೇಳುವ ಸಭೆ. ಮಾರ್ಚ್ ಬಂತೆಂದರೆ ಅಲ್ಲಿ ಬಿಸಿ ಏರುತ್ತಿತ್ತು. ದುಡ್ಡು ಲ್ಯಾಪ್ಸ್ ಆಗುತ್ತೆ, ಬಿಲ್ ಯಾಕೆ ಆಗಿಲ್ಲ, ಟೆಂಡರ್ ಯಾಕೆ ಕರೆದಿಲ್ಲ ಅಂತ. ಕೂತು ಕೇಳಿದವರಿಗೆ ಜಿಲ್ಲೆಯ ನಾಡಿ ಸಿಗುತ್ತಿತ್ತು.

ಸದಸ್ಯರೆಲ್ಲ ಹೀಗೇ ಇದ್ದರು ಅಂತ ಹೇಳಿದರೆ ನಾನು ನಿಮಗೆ ಸುಳ್ಳು ಹೇಳಿದ ಹಾಗೆ. ಕೋರಂ ಇಲ್ಲದೆ ಮುಂದಕ್ಕೆ ಹೋದ ಸಭೆಗಳನ್ನು ನೋಡಿದ್ದೇನೆ. ಕ್ರಿಯಾ ಯೋಜನೆ ಮಾಡುವಾಗ ಯಾವ ಊರಿಗೆ ಏನು ಬೇಕು ಅಂತ ನೋಡದೆ, ಬಂದ ದುಡ್ಡನ್ನು ಕ್ಷೇತ್ರಕ್ಕಿಷ್ಟು ಅಂತ ಸಮನಾಗಿ ಹಂಚಿಕೊಂಡು ಎದ್ದುಹೋದವರಿದ್ದಾರೆ. ಹಾಗೆ ಹಂಚಿದಾಗ ದುಡ್ಡು ಚೂರು ಚೂರಾಗುತ್ತದೆ. ಒಂದು ಊರಿಗೆ ಅರ್ಧ ಚರಂಡಿ, ಇನ್ನೊಂದು ಊರಿಗೆ ಅರ್ಧ ಕಾಂಪೌಂಡು. ಎರಡೂ ಕೆಲಸಕ್ಕೆ ಬಾರದವು. ಅಧ್ಯಕ್ಷರ ಅವಧಿ 20 ತಿಂಗಳು ಇದ್ದ ಕಾಲದಲ್ಲಿ ಮೊದಲ ಕೆಲವು ತಿಂಗಳು ಕಲಿಯುವುದಕ್ಕೆ, ಕೊನೆಯ ಕೆಲವು ತಿಂಗಳು ಮುಂದಿನವರ ರಾಜಕೀಯಕ್ಕೆ ಹೋಗುತ್ತಿತ್ತು. ಆಮೇಲೆ ಕಾನೂನು ತಿದ್ದಿ ಅದನ್ನು ಐದು ವರ್ಷ ಮಾಡಿದರು. ಒಳ್ಳೆಯ ತಿದ್ದುಪಡಿ.

ಸದಸ್ಯೆಯ ಬದಲು ಅವರ ಗಂಡ ಓಡಾಡುವುದನ್ನೂ ನೋಡಿದ್ದೇನೆ. ಇದನ್ನು ಹಿಡಿದುಕೊಂಡು ಮೀಸಲಾತಿಯೇ ದಂಡ ಅನ್ನುವವರ ಜೊತೆ ನನಗೆ ಒಪ್ಪಿಗೆ ಇಲ್ಲ. ಸಾಮಾನ್ಯ ಸಭೆಯ ಒಳಗೆ ಗಂಡನಿಗೆ ಕುರ್ಚಿ ಇಲ್ಲ. ಬಾಗಿಲಾಚೆ ನಿಲ್ಲಬೇಕು. ಒಳಗೆ ಮೈಕ್ ಆನ್ ಮಾಡಬೇಕಾದವರು ಅವರೇ. ಮೊದಲ ವರ್ಷ ಚೀಟಿ ನೋಡಿ ಓದಿದವರು ಮೂರನೇ ವರ್ಷ ಚೀಟಿ ಇಲ್ಲದೆ ಸಿಇಒ ಜೊತೆ ವಾದ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೋಟ್‌ಬುಕ್ಕಿನ ಸದಸ್ಯೆಯೂ ಹಾಗೆ ಬೆಳೆದವರೇ.

ಇನ್ನೊಂದು ತೊಡಕು ಇದೆ, ಅದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಎಂಎಲ್‌ಎಗೆ ಜಿಲ್ಲಾ ಪಂಚಾಯಿತಿ ಸದಸ್ಯ ಅಂದರೆ ಮುಂದಿನ ಚುನಾವಣೆಯ ಪ್ರತಿಸ್ಪರ್ಧಿ. ಹಳ್ಳಿಯಲ್ಲಿ ಒಂದು ಸಿಮೆಂಟ್ ರಸ್ತೆ ಆದರೆ ಅದರ ಬೋರ್ಡಿನ ಮೇಲೆ ಯಾರ ಹೆಸರು ಅನ್ನುವುದು ಸಣ್ಣ ವಿಷಯ ಅಲ್ಲ. ಸದಸ್ಯರು ಇಲ್ಲದಿದ್ದರೆ ಪೂಜೆಯೂ ಒಂದೇ, ಬೋರ್ಡೂ ಒಂದೇ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಈ ಚುನಾವಣೆ ಬೇಗ ಮಾಡಿ ಅಂತ ವಿಧಾನಸೌಧದ ಒಳಗಿನಿಂದ ಜೋರು ದನಿ ಬರುವುದಿಲ್ಲ. ಇದಕ್ಕೆ ಕಾರಣ ಅಲ್ಲಿದೆ ಅಂತ ನನ್ನ ಅಭಿಪ್ರಾಯ.

2021ರಲ್ಲಿ ನಿಜಕ್ಕೂ ಏನಾಯಿತು ಅಂತ ಗೊತ್ತಿರಲಿ. ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳ ಗಡಿ ಗುರುತಿಸಿ, ಮೀಸಲಾತಿಯ ಕರಡು ಪಟ್ಟಿಯನ್ನೂ ಹೊರಡಿಸಿತ್ತು. ಆಮೇಲೆ ಸರ್ಕಾರ ಕಾಯ್ದೆ ತಿದ್ದಿ, ಕ್ಷೇತ್ರ ಗುರುತಿಸುವ ಕೆಲಸವನ್ನು ಆಯೋಗದಿಂದ ತೆಗೆದು ಬೇರೆ ಒಂದು ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಎಲ್ಲವೂ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿಗೆ ಸರಿಯಾದ ಅಧ್ಯಯನ ಇರಬೇಕು ಅನ್ನುವ ಸುಪ್ರೀಂ ಕೋರ್ಟ್ ನಿಯಮ ಮುಂದೆ ಬಂತು. ಅದಕ್ಕೆ ನ್ಯಾಯಮೂರ್ತಿ ಭಕ್ತವತ್ಸಲ ಅವರ ಆಯೋಗ ಆಯಿತು. ಹೈಕೋರ್ಟಿನಲ್ಲಿ ಕೇಸು ನಡೆಯಿತು. ಸರ್ಕಾರ ಬದಲಾಯಿತು. ಕುರ್ಚಿ ಖಾಲಿಯೇ ಉಳಿಯಿತು.

ಸಂವಿಧಾನದ 243ಇ ವಿಧಿ ಏನು ಹೇಳುತ್ತದೆ ಗೊತ್ತಾ? ಪಂಚಾಯಿತಿಯ ಅವಧಿ ಐದು ವರ್ಷ, ಆ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಪೂರ್ತಿ ಆಗಬೇಕು. ಅವಧಿಗೆ ಮುಂಚೆ ವಿಸರ್ಜನೆ ಆದರೆ ಆರು ತಿಂಗಳೊಳಗೆ. ಇಷ್ಟು ಸ್ಪಷ್ಟವಾಗಿ ಬರೆದದ್ದು ಈ ಚುನಾವಣೆ ಹಿಂದೆ ಪದೇ ಪದೇ ತಪ್ಪುತ್ತಿತ್ತು ಅಂತಲೇ. ಎಂಎಲ್‌ಎ ಚುನಾವಣೆ ನಾಲ್ಕು ವರ್ಷ ಮುಂದೆ ಹೋಯಿತು ಅಂತ ಒಂದು ಸಲ ಯೋಚನೆ ಮಾಡಿ. ಬೀದಿಗೆ ಇಳಿಯುತ್ತಿದ್ದೆವು, ಅಲ್ವಾ? ಇದಕ್ಕೆ ಯಾಕೆ ಇಳಿಯಲಿಲ್ಲ ಅನ್ನುವುದು ನನ್ನನ್ನು ಕಾಡುತ್ತದೆ.

ಎಲ್ಲ ಕಡೆ ಹೀಗೇ ಅಂತ ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ. ಕೇರಳ ನೋಡಿ. ಅಲ್ಲಿ 1995ರಿಂದ ಪ್ರತಿ ಐದು ವರ್ಷಕ್ಕೆ ಚುನಾವಣೆ ತಪ್ಪಿಲ್ಲ. ಕೋವಿಡ್ ನಡುವೆಯೇ 2020ರ ಡಿಸೆಂಬರಿನಲ್ಲಿ ಮಾಡಿದರು. ಅದೇ ತಿಂಗಳು ನಮ್ಮಲ್ಲೂ ಗ್ರಾಮ ಪಂಚಾಯಿತಿ ಚುನಾವಣೆ ಆಯಿತು, ಮನಸ್ಸಿದ್ದರೆ ಆಗುತ್ತದೆ ಅನ್ನುವುದಕ್ಕೆ ಸಾಕ್ಷಿ ನಾವೇ. ಕೇರಳದಲ್ಲಿ ಜಿಲ್ಲಾ ಆಸ್ಪತ್ರೆಗಳೂ ಸರ್ಕಾರಿ ಹೈಸ್ಕೂಲುಗಳೂ ಜಿಲ್ಲಾ ಪಂಚಾಯಿತಿಯ ಕೈಗೆ ಬಂದಿವೆ. 1996ರಲ್ಲಿ ಶುರುವಾದ ಜನಕೀಯ ಯೋಜನೆಯಲ್ಲಿ ರಾಜ್ಯದ ಯೋಜನಾ ವೆಚ್ಚದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಣವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟು, ನೀವೇ ಯೋಜನೆ ಮಾಡಿ ಎಂದರು. ಮಹಾರಾಷ್ಟ್ರದಲ್ಲಿ 1962ರಿಂದ ಜಿಲ್ಲಾ ಪರಿಷತ್ತು ಇದೆ. ಬೆಳಗಾವಿ ದಾಟಿ ಆ ಕಡೆಯ ಹಳ್ಳಿಗೆ ಹೋದರೆ ಶಾಲೆಯ ಗೋಡೆಯ ಮೇಲೆ ಜಿಲ್ಲಾ ಪರಿಷತ್ತಿನ ಹೆಸರು ಇರುತ್ತದೆ. ಶಾಲೆ ಯಾರದು ಅಂತ ಮಕ್ಕಳಿಗೂ ಗೊತ್ತು. ಆದರೆ ಅಲ್ಲೂ 2022ರಲ್ಲಿ ಅವಧಿ ಮುಗಿದ ಜಿಲ್ಲಾ ಪರಿಷತ್ತುಗಳು ವರ್ಷಗಟ್ಟಲೆ ಅಧಿಕಾರಿಗಳ ಕೈಯಲ್ಲಿ ಉಳಿದವು. ಈ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಚುನಾವಣೆ ಮಾಡಿ ಅಂತ ಹೇಳಬೇಕಾಯಿತು.

ಈಗ ನಮ್ಮಲ್ಲಿ ಯಾರು ನಡೆಸುತ್ತಿದ್ದಾರೆ? ಬೆಂಗಳೂರಿನಲ್ಲಿರುವ ಹಿರಿಯ ಐಎಎಸ್ ಅಧಿಕಾರಿಗಳು ಆಡಳಿತಾಧಿಕಾರಿಗಳು. ಜಿಲ್ಲೆಯಲ್ಲಿ ಸಿಇಒ ಇದ್ದಾರೆ. ಉದ್ಯೋಗ ಖಾತ್ರಿ, ಕುಡಿಯುವ ನೀರು, ಶಾಲೆ, ಎಲ್ಲ ಅವರ ತಲೆಯ ಮೇಲೆ. ಮೂರು ತಿಂಗಳಿಗೊಮ್ಮೆ ಜಿಲ್ಲಾ ಉಸ್ತುವಾರಿ ಸಚಿವರು ಬಂದು ಕೆಡಿಪಿ ಸಭೆ ಮಾಡುತ್ತಾರೆ. ಒಳ್ಳೆಯ ಸಿಇಒಗಳನ್ನು ನೋಡಿದ್ದೇನೆ, ರಾತ್ರಿ ಒಂಬತ್ತರವರೆಗೆ ಕಚೇರಿಯಲ್ಲಿ ಕೂತವರನ್ನು. ಅಂಥವರೇ ಒಬ್ಬರು ನನಗೆ ಹೇಳಿದರು: "ಸದಸ್ಯರು ಇದ್ದಾಗ ತಲೆನೋವು ಇತ್ತು. ಆದರೆ ಯಾವ ಹಳ್ಳಿಯಲ್ಲಿ ಏನು ಕೆಟ್ಟಿದೆ ಅಂತ ಬೆಳಿಗ್ಗೆ ಏಳು ಗಂಟೆಗೇ ಗೊತ್ತಾಗ್ತಿತ್ತು. ಈಗ ನನಗೆ ಗೊತ್ತಾಗೋದು ಪೇಪರ್ ನೋಡಿ."

ಹೋದ ತಿಂಗಳು ಕೆಲಸದ ಮೇಲೆ ಹಳೆಯ ಜಿಲ್ಲಾ ಪಂಚಾಯಿತಿ ಕಚೇರಿಗೆ ಹೋಗಿದ್ದೆ. ಸಭಾಂಗಣದ ಬಾಗಿಲು ತೆರೆದಿತ್ತು. ಯಾವುದೋ ಇಲಾಖೆಯ ತರಬೇತಿ ನಡೆದು ಮುಗಿದಿತ್ತು. ಸದಸ್ಯರ ಮೈಕುಗಳ ಮೇಲೆ ಪ್ಲಾಸ್ಟಿಕ್ ಕವರು. ಗೋಡೆಯ ಮೇಲೆ ಹಿಂದಿನ ಅಧ್ಯಕ್ಷರ ಹೆಸರಿನ ಬೋರ್ಡು, ಕೊನೆಯ ಹೆಸರಿನ ಮುಂದೆ 2021. ಅದರ ಕೆಳಗೆ ಮರದ ಬಣ್ಣ. ಅಲ್ಲಿ ಸ್ವಲ್ಪ ಹೊತ್ತು ನಿಂತೆ. ಜಗಳ, ಕೂಗಾಟ, ಸಭಾತ್ಯಾಗ, ಎಲ್ಲ ಬರೆದು ಬೇಸತ್ತ ಜಾಗ ಅದು. ಆ ಕೂಗಾಟ ಮತ್ತೆ ಕೇಳಬೇಕು ಅನಿಸಿತು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಹೆಚ್ಚಿನವು ಮೀಸಲಾತಿ ಪಟ್ಟಿಯ ಬಗ್ಗೆ. ಕೊನೆಗೆ ಒಬ್ಬ ವಿದ್ಯಾರ್ಥಿನಿ ಎದ್ದಳು. "ಸಾರ್, ನಮ್ಮ ಹಾಸ್ಟೆಲ್‌ನಲ್ಲಿ ಸೋಲಾರ್ ಕೆಟ್ಟು ತುಂಬಾ ದಿನ ಆಯ್ತು. ಬಿಸಿನೀರಿಲ್ಲ. ಸದಸ್ಯರು ಇಲ್ಲ ಅಂದ್ರೆ ಈಗ ನಾವು ಯಾರನ್ನ ಕೇಳ್ಬೇಕು?"

ನಾನು ಹೇಳಿದೆ: ನೋಡಮ್ಮ, ಮೊದಲು ವಾರ್ಡನ್‌ಗೆ, ತಾಲ್ಲೂಕಿನ ಇಲಾಖೆ ಅಧಿಕಾರಿಗೆ ಲಿಖಿತವಾಗಿ ಕೊಡು. ಬಾಯಲ್ಲಿ ಹೇಳಬೇಡ. ಕೊಟ್ಟಿದ್ದಕ್ಕೆ ಸ್ವೀಕೃತಿ ತಗೋ. ಹದಿನೈದು ದಿನ ನೋಡು. ಆಗದಿದ್ದರೆ ಅದರ ಪ್ರತಿ ಇಟ್ಟು ಸಿಇಒಗೆ ಬರೆಯಿರಿ, ಹಾಸ್ಟೆಲ್ಲಿನ ಎಲ್ಲರೂ ಸಹಿ ಹಾಕಿ. ಆಗಲೂ ಆಗದಿದ್ದರೆ ನಿಮ್ಮ ಅರ್ಜಿ ಏನಾಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ, ಹತ್ತು ರೂಪಾಯಿ ಶುಲ್ಕ ಅಷ್ಟೆ. ಇಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು ಕೂತಿದ್ದಾರೆ, ಅವರ ಹತ್ತಿರವೂ ಒಂದು ಪ್ರತಿ ಇರಲಿ.

ಅವಳು ಬರೆದುಕೊಳ್ಳುತ್ತಿದ್ದಳು. ಸೋಲಾರ್ ಯಾವತ್ತು ಕೆಟ್ಟಿತು ಅಂತ ಗೊತ್ತಾ ಎಂದು ಕೇಳಿದೆ. ಪಕ್ಕದ ಹುಡುಗಿಯ ಕಿವಿಯಲ್ಲಿ ಏನೋ ಕೇಳಿದಳು, ಇಬ್ಬರೂ ಬೆರಳು ಮಡಚಿ ಲೆಕ್ಕ ಹಾಕಿದರು. ಒಂದು ದಿನಾಂಕ ಹೇಳಿದಳು. ಅದನ್ನೇ ಮೊದಲ ಸಾಲಿನಲ್ಲಿ ಬರಿ ಎಂದೆ.